ಗ್ರಾಮಸಭೆಯ ವಿಡಿಯೊ ಕಡತ: ಅವಧಿಯಲ್ಲಿ ವ್ಯತ್ಯಾಸ ಕಂಡಾಗ ಪರಿಶೀಲಿಸುವ ಕ್ರಮ

ಗ್ರಾಮಸಭೆಯ ನಡಾವಳಿಯನ್ನು ಪುಸ್ತಕದಲ್ಲಿ ದಾಖಲಿಸುವುದರೊಂದಿಗೆ ಸಭೆಯನ್ನು ಮೊಬೈಲ್ ಅಥವಾ ಕ್ಯಾಮೆರಾದಲ್ಲಿ ಚಿತ್ರೀಕರಿಸುವ ರೂಢಿಯೂ ಇಂದು ಬೆಳೆದಿದೆ. ವಸತಿ ಯೋಜನೆಯ ಫಲಾನುಭವಿಗಳ ಆಯ್ಕೆ, ಕಾಮಗಾರಿಗಳ ಆದ್ಯತೆ, ಸಾಮಾಜಿಕ ಪರಿಶೋಧನೆಯ ವರದಿ ಮುಂತಾದ ವಿಷಯಗಳಲ್ಲಿ ಯಾರು ಏನು ಹೇಳಿದರು, ಆಕ್ಷೇಪಣೆ ಬಂದಿತ್ತೇ ಎಂಬ ಪ್ರಶ್ನೆ ಮುಂದೆ ಎದ್ದಾಗ ಈ ಚಿತ್ರೀಕರಣವು ನಡಾವಳಿ ಪುಸ್ತಕಕ್ಕೆ ಪೂರಕ ಆಧಾರವಾಗುತ್ತದೆ. ಆದರೆ ಈ ಆಧಾರದ ಮೇಲೆಯೇ ಸಂಶಯ ಹುಟ್ಟಿಸುವ ತೊಡಕೊಂದಿದೆ. ಒಂದೇ ವಿಡಿಯೊ ಮೊಬೈಲಿನಲ್ಲಿ ಒಂದು ಅವಧಿಯನ್ನೂ ಕಚೇರಿಯ ಗಣಕಯಂತ್ರದಲ್ಲಿ ಇನ್ನೊಂದು ಅವಧಿಯನ್ನೂ ತೋರಿಸಬಹುದು. ಇದಕ್ಕೆ ಕಾರಣಗಳೇನು, ಪರಿಶೀಲನೆಯ ಕ್ರಮವೇನು, ಮಾಡಬಾರದ ಕೆಲಸಗಳಾವುವು ಎಂಬುದನ್ನು ಸದಸ್ಯರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

ಒಂದು ಉದಾಹರಣೆ

ಭಾಲ್ಕಿ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯಲ್ಲಿ ಗ್ರಾಮಸಭೆಯು ಬೆಳಿಗ್ಗೆ 11 ಗಂಟೆಗೆ ಆರಂಭವಾಗಿ ಮಧ್ಯಾಹ್ನ 1 ಗಂಟೆ 10 ನಿಮಿಷಕ್ಕೆ ಮುಗಿಯಿತು ಎಂದು ಭಾವಿಸೋಣ. ವಸತಿ ಪಟ್ಟಿಯಿಂದ ತಮ್ಮ ಹೆಸರು ಕೈಬಿಟ್ಟಿರುವ ಬಗ್ಗೆ ಒಬ್ಬ ಮಹಿಳೆ 12 ಗಂಟೆ 20 ನಿಮಿಷಕ್ಕೆ ಎದ್ದುನಿಂತು ಆಕ್ಷೇಪಿಸಿದ್ದಾರೆ. ಮೂರು ತಿಂಗಳ ನಂತರ ಅವರು ಆ ಚಿತ್ರೀಕರಣವನ್ನು ಕೇಳುತ್ತಾರೆ. ಕಚೇರಿಯಲ್ಲಿ ಕಡತವನ್ನು ತೆರೆದಾಗ ಅವಧಿ 33 ನಿಮಿಷ 41 ಸೆಕೆಂಡು ಎಂದಷ್ಟೇ ಕಾಣುತ್ತದೆ. ಉಳಿದ ಭಾಗವನ್ನು ಅಳಿಸಿಹಾಕಲಾಗಿದೆ ಎಂದು ಒಂದು ಪಕ್ಷ ಆರೋಪಿಸುತ್ತದೆ. ಅಂತಹ ಆಕ್ಷೇಪಣೆಯೇ ಬಂದಿರಲಿಲ್ಲ ಎಂದು ಇನ್ನೊಂದು ಪಕ್ಷ ವಾದಿಸುತ್ತದೆ. ವಾಸ್ತವದಲ್ಲಿ ಎರಡೂ ತಪ್ಪಾಗಿರಬಹುದು. ಕ್ಯಾಮೆರಾವು ಇಡೀ ಸಭೆಯನ್ನು ನಾಲ್ಕು ಕಡತಗಳಾಗಿ ಉಳಿಸಿದ್ದು, ಮೊದಲನೆಯದನ್ನು ಮಾತ್ರ ಗಣಕಯಂತ್ರಕ್ಕೆ ನಕಲಿಸಿರಬಹುದು. ಇದು ಹೇಗೆಂಬುದನ್ನು ಮುಂದೆ ನೋಡೋಣ. ಪರದೆಯ ಮೇಲೆ ಕಾಣುವ ಒಂದು ಸಂಖ್ಯೆಯನ್ನು ನಂಬಿ ಆ ಮಹಿಳೆಯ ಮಾತು ದಾಖಲೆಯಲ್ಲಿಲ್ಲವೆಂದು ತೀರ್ಮಾನಿಸಿದರೆ, ಇರುವ ದಾಖಲೆಯೇ ಇಲ್ಲದಂತಾಗುತ್ತದೆ.

ಅವಧಿಯು ಕಡತದಲ್ಲಿ ಎಲ್ಲಿರುತ್ತದೆ?

ವಿಡಿಯೊ ಕಡತವನ್ನು ಒಂದು ಪೆಟ್ಟಿಗೆಗೆ ಹೋಲಿಸಬಹುದು. ಅದರೊಳಗೆ ಚಿತ್ರದ ಧಾರೆ ಮತ್ತು ಧ್ವನಿಯ ಧಾರೆ ಎಂಬ ಎರಡು ಪ್ರತ್ಯೇಕ ಭಾಗಗಳೂ, ಅವುಗಳ ವಿವರ ತಿಳಿಸುವ ಒಂದು ಸೂಚಿಯೂ ಇರುತ್ತವೆ. ಈ ವಿವರವನ್ನೇ ಮೆಟಾಡೇಟಾ ಎನ್ನುತ್ತಾರೆ. ಮೊಬೈಲುಗಳಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವ ಎಂಪಿ4 ಮಾದರಿಯ ಕಡತದಲ್ಲಿ ಇಡೀ ಕಡತದ ಅವಧಿಯನ್ನು ಒಂದೆಡೆ, ಚಿತ್ರದ ಅವಧಿಯನ್ನು ಇನ್ನೊಂದೆಡೆ, ಧ್ವನಿಯ ಅವಧಿಯನ್ನು ಮತ್ತೊಂದೆಡೆ ಬರೆದಿರಲಾಗುತ್ತದೆ. ಇವಲ್ಲದೆ ಪ್ರತಿಯೊಂದು ಚಿತ್ರವು, ಅಂದರೆ ಫ್ರೇಮ್, ಎಷ್ಟು ಹೊತ್ತು ಪರದೆಯ ಮೇಲಿರಬೇಕೆಂಬ ಪಟ್ಟಿಯೂ ಇರುತ್ತದೆ. ಅವಧಿಯನ್ನು ನೇರವಾಗಿ ಗಂಟೆ ನಿಮಿಷಗಳಲ್ಲಿ ಬರೆಯದೆ ಸೆಕೆಂಡಿನ ಸೂಕ್ಷ್ಮ ಅಂಶಗಳಲ್ಲಿ ಬರೆಯುವುದು ಪದ್ಧತಿ. ಒಂದು ಸೆಕೆಂಡನ್ನು 90,000 ಅಂಶಗಳಾಗಿ ಎಣಿಸುವ ಕಡತದಲ್ಲಿ 70,20,00,000 ಎಂದು ಬರೆದಿದ್ದರೆ, ಭಾಗಿಸಿದಾಗ ದೊರೆಯುವುದು 7,800 ಸೆಕೆಂಡು, ಅಂದರೆ 2 ಗಂಟೆ 10 ನಿಮಿಷ.

ಒಂದು ತಂತ್ರಾಂಶವು ಇಡೀ ಕಡತದ ಅವಧಿಯನ್ನು ಓದಿ ತೋರಿಸಿದರೆ ಇನ್ನೊಂದು ಚಿತ್ರದ ಅವಧಿಯನ್ನು ತೋರಿಸಬಹುದು. ಮತ್ತೊಂದು ಯಾವುದನ್ನೂ ಓದದೆ ಕಡತದ ಗಾತ್ರದಿಂದ ಅಂದಾಜು ಮಾಡಬಹುದು. ನಡಾವಳಿ ಪುಸ್ತಕದ ರಟ್ಟಿನ ಮೇಲೆ 200 ಪುಟ ಎಂದು ಬರೆದಿದ್ದು ಒಳಗೆ 190 ಪುಟಗಳಿದ್ದರೆ ಎರಡು ಸಾಧ್ಯತೆಗಳುಂಟು. ರಟ್ಟಿನ ಮೇಲಿನ ಬರಹ ತಪ್ಪಿರಬಹುದು, ಇಲ್ಲವೇ ಪುಟಗಳನ್ನು ಹರಿದಿರಬಹುದು. ಯಾವುದು ನಿಜವೆಂದು ತಿಳಿಯಲು ಪುಟಗಳನ್ನೇ ಎಣಿಸಬೇಕು. ವಿಡಿಯೊ ಕಡತದ ವಿಷಯದಲ್ಲಿಯೂ ಇದೇ ನಿಯಮ. ಮೆಟಾಡೇಟಾದ ಅವಧಿಯು ರಟ್ಟಿನ ಮೇಲಿನ ಬರಹ. ಸಾಕ್ಷ್ಯವು ಒಳಗಿನ ಚಿತ್ರ ಮತ್ತು ಧ್ವನಿಯಲ್ಲಿದೆ.

ವ್ಯತ್ಯಾಸಕ್ಕೆ ಸಾಮಾನ್ಯ ಕಾರಣಗಳು

1. ಕಡತವು ತುಂಡುಗಳಾಗಿ ಉಳಿದಿರುವುದು. 32 ಜಿಬಿವರೆಗಿನ ಮೆಮೊರಿ ಕಾರ್ಡುಗಳು ಸಾಮಾನ್ಯವಾಗಿ ಫ್ಯಾಟ್32 ಎಂಬ ವಿನ್ಯಾಸದಲ್ಲಿರುತ್ತವೆ. ಈ ವಿನ್ಯಾಸದಲ್ಲಿ ಒಂದು ಕಡತವು 4 ಜಿಬಿಯನ್ನು ಮೀರುವಂತಿಲ್ಲ. ಮಿತಿ ಸಮೀಪಿಸಿದೊಡನೆ ಕ್ಯಾಮೆರಾವು ಆ ಕಡತವನ್ನು ಮುಗಿಸಿ ಹೊಸದನ್ನು ಆರಂಭಿಸುತ್ತದೆ. ಸೆಕೆಂಡಿಗೆ 17 ಮೆಗಾಬಿಟ್ ವೇಗದಲ್ಲಿ ಚಿತ್ರೀಕರಿಸಿದರೆ 4 ಜಿಬಿ ತುಂಬಲು ಸುಮಾರು 33 ನಿಮಿಷ 41 ಸೆಕೆಂಡು ಬೇಕಾಗುತ್ತದೆ. ಮೇಲಿನ ಉದಾಹರಣೆಯ ಸಭೆಯು ಇಂತಹ ಮೂರು ಪೂರ್ಣ ತುಂಡುಗಳಾಗಿಯೂ 28 ನಿಮಿಷ 57 ಸೆಕೆಂಡಿನ ಒಂದು ಕೊನೆಯ ತುಂಡಾಗಿಯೂ ಉಳಿದಿರುತ್ತದೆ. ನಾಲ್ಕನ್ನೂ ಕೂಡಿಸಿದರೆ 2 ಗಂಟೆ 10 ನಿಮಿಷ ಸರಿಹೊಂದುತ್ತದೆ. ಮಹಿಳೆಯು ಆಕ್ಷೇಪಿಸಿದ್ದು ಸಭೆಯ 80ನೇ ನಿಮಿಷದಲ್ಲಿ. ಮೊದಲೆರಡು ತುಂಡುಗಳ ಒಟ್ಟು ಅವಧಿ 67 ನಿಮಿಷ 22 ಸೆಕೆಂಡು. ಆದ್ದರಿಂದ ಅವರ ಮಾತನ್ನು ಮೂರನೇ ಕಡತದ 12 ನಿಮಿಷ 38 ಸೆಕೆಂಡಿನ ಆಸುಪಾಸಿನಲ್ಲಿ ಹುಡುಕಬೇಕು.

2. ಚಿತ್ರಗಳ ವೇಗ ಬದಲಾಗುವುದು. ಮೊಬೈಲು ಸಾಮಾನ್ಯವಾಗಿ ಸೆಕೆಂಡಿಗೆ 30 ಚಿತ್ರಗಳನ್ನು ಸೆರೆಹಿಡಿಯುತ್ತದೆ. ಬೆಳಕು ಕಡಿಮೆಯಾದಾಗ ಹಲವು ಮೊಬೈಲುಗಳು ತಾವಾಗಿಯೇ ಈ ಸಂಖ್ಯೆಯನ್ನು ಇಳಿಸುತ್ತವೆ. ಔರಾದ ತಾಲ್ಲೂಕಿನ ಒಂದು ಮಂದ ಬೆಳಕಿನ ಸಮುದಾಯ ಭವನದಲ್ಲಿ 100 ನಿಮಿಷದ ಸಭೆಯನ್ನು ಸೆಕೆಂಡಿಗೆ 24 ಚಿತ್ರಗಳಂತೆ ಸೆರೆಹಿಡಿಯಲಾಯಿತು ಎಂದಿಟ್ಟುಕೊಳ್ಳೋಣ. ಆಗ ಒಟ್ಟು 1,44,000 ಚಿತ್ರಗಳಿರುತ್ತವೆ. ಸೆಕೆಂಡಿಗೆ 30 ಚಿತ್ರಗಳೆಂದೇ ಭಾವಿಸುವ ತಂತ್ರಾಂಶವೊಂದು ಇದನ್ನು 80 ನಿಮಿಷವೆಂದು ಲೆಕ್ಕಹಾಕುತ್ತದೆ. ಧ್ವನಿಯ ಅವಧಿ ಮಾತ್ರ 100 ನಿಮಿಷವೇ ಇರುತ್ತದೆ. ಇಂತಹ ಕಡತದಲ್ಲಿ ಚಿತ್ರವು ಧ್ವನಿಗಿಂತ ಮುಂದೆ ಓಡುವುದರಿಂದ ತುಟಿಯ ಚಲನೆಗೂ ಮಾತಿಗೂ ತಾಳೆಯಾಗುವುದಿಲ್ಲ. ಕನ್ನಡ, ಮರಾಠಿ ಎರಡೂ ಭಾಷೆಗಳಲ್ಲಿ ಮಾತು ನಡೆಯುವ ಗಡಿಭಾಗದ ಸಭೆಗಳಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರ ಹೆಸರಿಗೆ ಬರೆದುಕೊಳ್ಳುವ ಅಪಾಯ ಇದರಿಂದ ಉಂಟಾಗುತ್ತದೆ.

3. ಸಣ್ಣ ಲೆಕ್ಕದ ವ್ಯತ್ಯಾಸ. ಕೆಲವು ಕ್ಯಾಮೆರಾಗಳು ಸೆಕೆಂಡಿಗೆ 30ರ ಬದಲು 29.97 ಚಿತ್ರಗಳನ್ನು ಸೆರೆಹಿಡಿಯುತ್ತವೆ. ಇದನ್ನು 30 ಎಂದು ತಿಳಿದು ಎಣಿಸಿದರೆ 2 ಗಂಟೆಯ ವಿಡಿಯೊದಲ್ಲಿ ಸುಮಾರು 7 ಸೆಕೆಂಡಿನ ಅಂತರ ಬರುತ್ತದೆ. ಧ್ವನಿಯು ಚಿತ್ರಕ್ಕಿಂತ ಕ್ಷಣಾರ್ಧ ಮೊದಲು ಅಥವಾ ನಂತರ ಮುಗಿಯುವುದೂ ಸಾಮಾನ್ಯ. ಇಂತಹ ಅಂತರವೊಂದನ್ನೇ ಹಿಡಿದು ಕಡತವನ್ನು ತಿದ್ದಲಾಗಿದೆ ಎನ್ನಲಾಗದು.

4. ಸೂಚಿಯನ್ನು ಬರೆಯುವ ಮೊದಲೇ ಚಿತ್ರೀಕರಣ ನಿಂತಿರುವುದು. ಮೊಬೈಲು ಎಂಪಿ4 ಕಡತದ ಸೂಚಿಯನ್ನು ಸಾಮಾನ್ಯವಾಗಿ ಚಿತ್ರೀಕರಣ ಮುಗಿದ ಮೇಲೆಯೇ ಬರೆಯುತ್ತದೆ. ನಡುವೆ ಬ್ಯಾಟರಿ ಖಾಲಿಯಾದರೆ ಅಥವಾ ಕಾರ್ಡನ್ನು ಹೊರತೆಗೆದರೆ ಚಿತ್ರ ಮತ್ತು ಧ್ವನಿ ಉಳಿದಿದ್ದರೂ ಸೂಚಿ ಇರುವುದಿಲ್ಲ. ಕಡತದ ಗಾತ್ರ ದೊಡ್ಡದಾಗಿದ್ದು ಅವಧಿ ಸೊನ್ನೆ ಎಂದು ಕಂಡರೆ ಅಥವಾ ಕಡತವು ತೆರೆಯದಿದ್ದರೆ ಮೊದಲು ಈ ಕಾರಣವನ್ನು ಶಂಕಿಸಬೇಕು.

5. ಅವಧಿಯನ್ನೇ ಬರೆಯದ ಮಾದರಿಗಳು. ಬ್ರೌಸರಿನ ಮೂಲಕ ದಾಖಲಿಸಿದ ವೆಬ್‌ಎಂ ಕಡತಗಳಲ್ಲಿ ಹಲವು ಬಾರಿ ಒಟ್ಟು ಅವಧಿಯ ನಮೂದು ಇರುವುದಿಲ್ಲ. ಸಿಸಿಟಿವಿ ಮತ್ತು ಕೆಲವು ಕ್ಯಾಮೆರಾಗಳು ಬಳಸುವ ಟಿಎಸ್ ಮಾದರಿಯಲ್ಲಿಯೂ ಅಂತಹ ನಮೂದಿಲ್ಲ. ತಂತ್ರಾಂಶವು ಮೊದಲ ಮತ್ತು ಕೊನೆಯ ಸಮಯದ ಗುರುತುಗಳನ್ನು ನೋಡಿ, ಇಲ್ಲವೇ ಗಾತ್ರವನ್ನು ವೇಗದಿಂದ ಭಾಗಿಸಿ ಅಂದಾಜು ಮಾಡುತ್ತದೆ. ಟಿಎಸ್ ಮಾದರಿಯ ಸಮಯದ ಗುರುತು ಸುಮಾರು 26 ಗಂಟೆ 30 ನಿಮಿಷಕ್ಕೊಮ್ಮೆ ಮರಳಿ ಸೊನ್ನೆಯಿಂದ ಆರಂಭವಾಗುತ್ತದೆ. ಹಗಲಿರುಳು ದಾಖಲಿಸುವ ಸಿಸಿಟಿವಿಯ ಕಡತದಲ್ಲಿ ಈ ತಿರುವು ನಡುವೆ ಬಂದರೆ ಅವಧಿಯು ವಿಪರೀತ ಹೆಚ್ಚಾಗಿ ಅಥವಾ ಕಡಿಮೆಯಾಗಿ ಕಾಣುವುದುಂಟು.

6. ನಕಲು ಅಪೂರ್ಣವಾಗಿರುವುದು. ಔರಾದ ಅಥವಾ ಭಾಲ್ಕಿಯಿಂದ ಬೀದರ್ ನಗರದ ಜಿಲ್ಲಾ ಪಂಚಾಯತ್ ಕಚೇರಿಗೆ ಪೆನ್ ಡ್ರೈವಿನಲ್ಲಿ ಕಡತವನ್ನು ತರುವಾಗ, ನಕಲು ಮುಗಿಯುವ ಮೊದಲೇ ಡ್ರೈವನ್ನು ಕಿತ್ತಿದ್ದರೆ ರಟ್ಟಿನ ಬರಹ ಪೂರ್ಣ ಅವಧಿಯನ್ನೇ ತೋರಿಸಿದರೂ ಒಳಗಿನ ದೃಶ್ಯ ನಡುವೆಯೇ ನಿಂತುಬಿಡಬಹುದು. ಫ್ಯಾಟ್32 ವಿನ್ಯಾಸದ ಪೆನ್ ಡ್ರೈವಿಗೆ 4 ಜಿಬಿಗಿಂತ ದೊಡ್ಡ ಕಡತವನ್ನು ನಕಲಿಸಲು ಸಾಧ್ಯವೇ ಇಲ್ಲ. ವಾಟ್ಸಾಪಿನಲ್ಲಿ ವಿಡಿಯೊ ಎಂದು ಕಳುಹಿಸಿದರೆ ಅದು ಕುಗ್ಗಿ ಬೇರೆಯೇ ಕಡತವಾಗುತ್ತದೆ. ಅದನ್ನು ಮೂಲ ದಾಖಲೆಯೆಂದು ಪರಿಗಣಿಸಲಾಗದು.

ದಿನಾಂಕ ಮತ್ತು ವೇಳೆಯ ಗೊಂದಲ

ಅವಧಿಯೊಂದಿಗೆ ಚಿತ್ರೀಕರಣದ ವೇಳೆಯ ಬಗೆಗೂ ಆಕ್ಷೇಪ ಬರುವುದುಂಟು. ಎಂಪಿ4 ಕಡತದ ನಿಯಮದಂತೆ ವೇಳೆಯನ್ನು ಅಂತರರಾಷ್ಟ್ರೀಯ ಸಮಯದಲ್ಲಿ, 1904ರ ಜನವರಿ 1ರಿಂದ ಸೆಕೆಂಡುಗಳನ್ನು ಎಣಿಸಿ ಬರೆಯಲಾಗುತ್ತದೆ. ಭಾರತೀಯ ಕಾಲಮಾನವು ಅದಕ್ಕಿಂತ 5 ಗಂಟೆ 30 ನಿಮಿಷ ಮುಂದಿದೆ. ಆದ್ದರಿಂದ ಬೆಳಿಗ್ಗೆ 11ಕ್ಕೆ ಆರಂಭವಾದ ಸಭೆಯು ಕೆಲವು ತಂತ್ರಾಂಶಗಳಲ್ಲಿ ಬೆಳಗಿನ 5 ಗಂಟೆ 30 ನಿಮಿಷದ್ದೆಂದು ಕಾಣಬಹುದು. ವೇಳೆಯನ್ನೇ ಬರೆಯದ ಸಾಧನದ ಕಡತವು 1904ನೇ ಇಸವಿಯನ್ನು ತೋರಿಸಬಹುದು. ಸಭೆ ಸೇರುವ ಮೊದಲೇ ವಿಡಿಯೊ ಸಿದ್ಧಪಡಿಸಲಾಗಿತ್ತು ಎಂದು ಆರೋಪಿಸುವ ಮುನ್ನ ಈ ಐದೂವರೆ ಗಂಟೆಯನ್ನು ಕೂಡಿಸಿ ನೋಡುವುದು ಉಚಿತ.

ಪರಿಶೀಲನೆಯ ಕ್ರಮ

ಮೊದಲನೆಯದಾಗಿ, ಮೂಲ ಕಡತವನ್ನು ಮುಟ್ಟದೆ ಅದರ ಒಂದು ನಕಲನ್ನು ಮಾಡಿಕೊಂಡು ನಕಲಿನ ಮೇಲೆಯೇ ಎಲ್ಲ ಪರಿಶೀಲನೆಯನ್ನು ನಡೆಸಬೇಕು. ಮೂಲ ಮತ್ತು ನಕಲಿನ ಗಾತ್ರಗಳು ಕೊನೆಯ ಬೈಟ್‌ವರೆಗೆ ಸಮನಾಗಿವೆಯೇ ಎಂದು ನೋಡಬೇಕು.

ಎರಡನೆಯದಾಗಿ, ಮೂಲ ಕಾರ್ಡಿನಲ್ಲಿ ಅದೇ ದಿನದ ಬೇರೆ ಕಡತಗಳಿವೆಯೇ ಎಂದು ನೋಡಬೇಕು. ಕ್ರಮಸಂಖ್ಯೆ ಒಂದರ ನಂತರ ಒಂದಾಗಿದ್ದು ಗಾತ್ರವು 4 ಜಿಬಿಯ ಸಮೀಪವಿದ್ದರೆ ಅವು ಒಂದೇ ಚಿತ್ರೀಕರಣದ ತುಂಡುಗಳಾಗಿರುವ ಸಾಧ್ಯತೆ ಹೆಚ್ಚು.

ಮೂರನೆಯದಾಗಿ, ಕಡತವನ್ನು ಕನಿಷ್ಠ ಎರಡು ಬೇರೆ ತಂತ್ರಾಂಶಗಳಲ್ಲಿ ತೆರೆಯಬೇಕು. ವಿಎಲ್‌ಸಿ ಮತ್ತು ಮೀಡಿಯಾಇನ್ಫೊ ಎರಡೂ ಉಚಿತವಾಗಿ ದೊರೆಯುತ್ತವೆ. ಒಮ್ಮೆ ಅಳವಡಿಸಿಕೊಂಡರೆ ಅಂತರ್ಜಾಲವಿಲ್ಲದೆಯೂ ಕೆಲಸ ಮಾಡುತ್ತವೆ. ಮೀಡಿಯಾಇನ್ಫೊ ತಂತ್ರಾಂಶವು ಒಟ್ಟು ಅವಧಿ, ಚಿತ್ರದ ಅವಧಿ, ಧ್ವನಿಯ ಅವಧಿಗಳನ್ನು ಪ್ರತ್ಯೇಕವಾಗಿ ತೋರಿಸುವುದಲ್ಲದೆ ಚಿತ್ರಗಳ ವೇಗವು ಸ್ಥಿರವೋ ಬದಲಾಗುವಂಥದ್ದೋ ಎಂಬುದನ್ನೂ ತಿಳಿಸುತ್ತದೆ. ಈ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಬೇಕು.

ನಾಲ್ಕನೆಯದಾಗಿ, ಕಡತದ ಆರಂಭ, ನಡುಭಾಗ ಮತ್ತು ಕೊನೆಯನ್ನು ಕಣ್ಣಾರೆ ನೋಡಬೇಕು. ಸ್ವಾಗತದ ಮಾತಿದೆಯೇ, ವಂದನಾರ್ಪಣೆ ಇದೆಯೇ, ನಡಾವಳಿಯಲ್ಲಿ ಬರೆದ ವಿಷಯಗಳು ಅದೇ ಕ್ರಮದಲ್ಲಿ ಬಂದಿವೆಯೇ ಎಂಬುದನ್ನು ತಾಳೆ ನೋಡಬೇಕು. ಸಭೆಯಲ್ಲಿ ಗೋಡೆ ಗಡಿಯಾರವು ಚಿತ್ರದೊಳಗೆ ಕಂಡಿದ್ದರೆ ಅದಕ್ಕಿಂತ ಉತ್ತಮ ಅಳತೆಗೋಲು ಬೇರಿಲ್ಲ.

ಐದನೆಯದಾಗಿ, ಸಂಶಯ ಉಳಿದರೆ ಇಡೀ ವಿಡಿಯೊವನ್ನು ಮೊದಲಿನಿಂದ ಕೊನೆಯವರೆಗೆ ಓಡಿಸಿ, ಕೈಗಡಿಯಾರದಿಂದ ವೇಳೆಯನ್ನು ಗುರುತಿಸಬೇಕು. ರಟ್ಟನ್ನು ಬಿಟ್ಟು ಪುಟಗಳನ್ನು ಎಣಿಸುವುದೆಂದರೆ ಇದೇ.

ದುರಸ್ತಿ ಮಾಡುವಾಗ

ದುರಸ್ತಿಯನ್ನು ಎಂದಿಗೂ ನಕಲಿನ ಮೇಲೆಯೇ ಮಾಡಬೇಕು. ಅವಧಿಯ ನಮೂದು ಮಾತ್ರ ತಪ್ಪಾಗಿದ್ದು ಚಿತ್ರ ಮತ್ತು ಧ್ವನಿ ಸರಿಯಿದ್ದರೆ, ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶದ ಸ್ಟ್ರೀಮ್ ಕಾಪಿ ವಿಧಾನದಿಂದ ಕಡತವನ್ನು ಹೊಸ ಪೆಟ್ಟಿಗೆಗೆ ವರ್ಗಾಯಿಸಬಹುದು. ಇದರಲ್ಲಿ ಚಿತ್ರ ಮತ್ತು ಧ್ವನಿಯನ್ನು ಹೊಸದಾಗಿ ಕುಗ್ಗಿಸುವುದಿಲ್ಲ. ಇದ್ದುದನ್ನು ಇದ್ದಂತೆಯೇ ಇಟ್ಟು ಸೂಚಿಯನ್ನು ಮಾತ್ರ ಹೊಸದಾಗಿ ಬರೆಯಲಾಗುತ್ತದೆ. ಅವಧಿಯ ನಮೂದಿಲ್ಲದ ವೆಬ್‌ಎಂ ಮತ್ತು ಟಿಎಸ್ ಕಡತಗಳಿಗೂ, ತುಂಡುಗಳನ್ನು ಜೋಡಿಸುವುದಕ್ಕೂ ಇದು ಸೂಕ್ತ. ಚಿತ್ರಗಳ ವೇಗ ಬದಲಾಗುವ ಕಡತವನ್ನು ಸಂಕಲನಕ್ಕಾಗಿ ಸ್ಥಿರ ವೇಗಕ್ಕೆ ಪರಿವರ್ತಿಸುವಾಗ ಮಾತ್ರ ಚಿತ್ರವನ್ನು ಹೊಸದಾಗಿ ಸಿದ್ಧಪಡಿಸಬೇಕಾಗುತ್ತದೆ. ಅಂತಹ ಕಡತಕ್ಕೆ ಪರಿವರ್ತಿತ ಪ್ರತಿ ಎಂದು ಸ್ಪಷ್ಟವಾಗಿ ಹೆಸರಿಡಬೇಕು.

ಸೂಚಿಯೇ ಇಲ್ಲದ ಎಂಪಿ4 ಕಡತವನ್ನು ಅನ್‌ಟ್ರಂಕ್‌ನಂತಹ ತಂತ್ರಾಂಶದಿಂದ ಮರಳಿ ಪಡೆಯಲು ಪ್ರಯತ್ನಿಸಬಹುದು. ಇದಕ್ಕೆ ಅದೇ ಮೊಬೈಲಿನಲ್ಲಿ, ಅದೇ ಹೊಂದಾಣಿಕೆಯಲ್ಲಿ ಚಿತ್ರೀಕರಿಸಿದ ಸುಸ್ಥಿತಿಯ ಇನ್ನೊಂದು ಕಡತ ಬೇಕಾಗುತ್ತದೆ. ಅಲ್ಲಿಯವರೆಗೆ ಆ ಕಾರ್ಡಿನಲ್ಲಿ ಹೊಸದಾಗಿ ಏನನ್ನೂ ಚಿತ್ರೀಕರಿಸಬಾರದು, ಫಾರ್ಮ್ಯಾಟ್ ಮಾಡಬಾರದು.

ಯಾವಾಗ ಸಂಶಯ ಸಹಜ?

ಎಲ್ಲ ವ್ಯತ್ಯಾಸವೂ ತಾಂತ್ರಿಕವೆಂದು ಕೈತೊಳೆದುಕೊಳ್ಳುವುದೂ ಸರಿಯಲ್ಲ. ಎಲ್ಲ ತುಂಡುಗಳನ್ನು ಕೂಡಿಸಿದರೂ ನಡಾವಳಿಯ ವೇಳೆಗಿಂತ ಹಲವು ನಿಮಿಷ ಕಡಿಮೆಯಾಗಿದ್ದರೆ, ಕ್ರಮಸಂಖ್ಯೆಯಲ್ಲಿ ನಡುವಿನ ಒಂದು ಕಡತ ಕಾಣೆಯಾಗಿದ್ದರೆ, ಮಾತಿನ ನಡುವೆ ದೃಶ್ಯವು ಜಿಗಿದು ಗೋಡೆ ಗಡಿಯಾರದ ಮುಳ್ಳು ಒಮ್ಮೆಲೇ ಮುಂದೆ ಸರಿದಿದ್ದರೆ ಅಥವಾ ಮೆಟಾಡೇಟಾದಲ್ಲಿ ಕ್ಯಾಮೆರಾದ ಬದಲು ಸಂಕಲನ ತಂತ್ರಾಂಶದ ಹೆಸರಿದ್ದರೆ ವಿವರಣೆ ಕೇಳುವುದು ಸದಸ್ಯರ ಕರ್ತವ್ಯ. ಕ್ಯಾಮೆರಾವನ್ನು ಊಟದ ವಿರಾಮಕ್ಕೆ ನಿಲ್ಲಿಸಿದ್ದರೆ ಅಥವಾ ಬ್ಯಾಟರಿ ಬದಲಿಸಿದ್ದರೆ ಅದು ನಡಾವಳಿಯಲ್ಲಿ ದಾಖಲಾಗಿರಬೇಕು. ದಾಖಲಾಗದ ವಿರಾಮವೇ ಮುಂದೆ ಆರೋಪಕ್ಕೆ ಎಡೆಮಾಡಿಕೊಡುತ್ತದೆ.

ಕಾನೂನಿನ ದೃಷ್ಟಿಯಿಂದ

ಮಾಹಿತಿ ಹಕ್ಕು ಅಧಿನಿಯಮ, 2005ರಲ್ಲಿ ದಾಖಲೆ ಎಂಬ ಪದವು ಗಣಕಯಂತ್ರ ಅಥವಾ ಇತರ ಸಾಧನದಿಂದ ಸಿದ್ಧವಾದ ಸಾಮಗ್ರಿಯನ್ನೂ ಒಳಗೊಳ್ಳುತ್ತದೆ. ಅರ್ಜಿಗೆ ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರಿಸಬೇಕು. ಒಂದು ತುಂಡನ್ನಷ್ಟೇ ನೀಡಿ ಪೂರ್ಣ ದಾಖಲೆ ನೀಡಲಾಗಿದೆ ಎಂದರೆ ಅದು ಅಪೂರ್ಣ ಮಾಹಿತಿಯಾಗುತ್ತದೆ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೇ ಪ್ರಕರಣದ ಪ್ರಕಾರ ವಿದ್ಯುನ್ಮಾನ ದಾಖಲೆಯನ್ನು ಸಾಕ್ಷ್ಯವಾಗಿ ಹಾಜರುಪಡಿಸುವಾಗ ನಿಗದಿತ ನಮೂನೆಯ ಪ್ರಮಾಣಪತ್ರ ಸಲ್ಲಿಸಬೇಕಾಗುತ್ತದೆ. ಅದರಲ್ಲಿ ಕಡತದ ಹ್ಯಾಷ್ ಮೌಲ್ಯವನ್ನು ನಮೂದಿಸಬೇಕು. ಹ್ಯಾಷ್ ಎಂದರೆ ಕಡತದ ಬೆರಳಚ್ಚು ಎನ್ನಬಹುದು. ಎಸ್‌ಎಚ್‌ಎ-256 ವಿಧಾನದಲ್ಲಿ ಇದು 64 ಅಕ್ಷರಾಂಕಿಗಳ ಒಂದು ಸಾಲು. ಕಡತದಲ್ಲಿ ಒಂದೇ ಒಂದು ಬಿಟ್ ಬದಲಾದರೂ ಈ ಸಾಲು ಸಂಪೂರ್ಣ ಬೇರೆಯಾಗುತ್ತದೆ. ಅವಧಿಯ ನಮೂದನ್ನು ಸದುದ್ದೇಶದಿಂದ ಸರಿಪಡಿಸಿದರೂ ಬೆರಳಚ್ಚು ಬದಲಾಗುತ್ತದೆ. ಮೂಲವನ್ನು ಮುಟ್ಟಬಾರದು ಎಂಬ ನಿಯಮದ ಹಿಂದಿರುವ ಕಾರಣ ಇದು. ವಿಂಡೋಸ್ ಗಣಕಯಂತ್ರದಲ್ಲಿರುವ ಸರ್ಟ್‌ಯುಟಿಲ್ ಸಾಧನದಿಂದಲೇ ಈ ಮೌಲ್ಯವನ್ನು ಪಡೆಯಬಹುದು.

ಸಭೆಯ ಧ್ವನಿ ಅಥವಾ ವಿಡಿಯೊದಿಂದ ನಡಾವಳಿಯ ಕರಡನ್ನು ಸಿದ್ಧಪಡಿಸುವ ಸಭಾಸಾರ್ ಎಂಬ ವ್ಯವಸ್ಥೆಯನ್ನು ಕೇಂದ್ರ ಪಂಚಾಯತ್ ರಾಜ್ ಸಚಿವಾಲಯವು 2025ರ ಆಗಸ್ಟ್‌ನಲ್ಲಿ ಆರಂಭಿಸಿದೆ. ಇಂತಹ ವ್ಯವಸ್ಥೆಗೆ ನಾಲ್ಕು ತುಂಡುಗಳಲ್ಲಿ ಒಂದನ್ನು ಮಾತ್ರ ನೀಡಿದರೆ ಕರಡಿನಲ್ಲಿ ಆ ಒಂದು ತುಂಡಿನ ಮಾತುಗಳಷ್ಟೇ ಬರುತ್ತವೆ. ಉಳಿದವರ ಮಾತು ಬಿಟ್ಟುಹೋಗಿದೆ ಎಂಬುದನ್ನು ಯಂತ್ರ ತಿಳಿಸಲಾರದು. ಅದನ್ನು ಸಭೆಯಲ್ಲಿದ್ದವರೇ ಗಮನಿಸಬೇಕು.

ಮುಂದಿನ ಸಭೆಯಲ್ಲಿ ಪಾಲಿಸಬಹುದಾದ ಕ್ರಮಗಳು

• ಚಿತ್ರೀಕರಣಕ್ಕೆ ಮುನ್ನ ಸಾಧನದ ದಿನಾಂಕ, ವೇಳೆ, ಬ್ಯಾಟರಿ ಮತ್ತು ಕಾರ್ಡಿನ ಖಾಲಿ ಜಾಗವನ್ನು ನೋಡಿಕೊಳ್ಳುವುದು. ವಿದ್ಯುತ್ ಕಡಿತಕ್ಕೆ ಸಿದ್ಧವಾಗಿ ಪವರ್ ಬ್ಯಾಂಕ್ ಇಟ್ಟುಕೊಳ್ಳುವುದು.
• ಗೋಡೆ ಗಡಿಯಾರವೊಂದು ಚಿತ್ರದ ಚೌಕಟ್ಟಿನೊಳಗೆ ಸದಾ ಕಾಣುವಂತೆ ಕ್ಯಾಮೆರಾ ಇಡುವುದು.
• ಆರಂಭ ಮತ್ತು ಮುಕ್ತಾಯದಲ್ಲಿ ಅಧ್ಯಕ್ಷತೆ ವಹಿಸಿದವರು ಗ್ರಾಮ, ದಿನಾಂಕ ಮತ್ತು ವೇಳೆಯನ್ನು ಬಾಯಿಂದ ಹೇಳುವುದು.
• ಸಭಾಂಗಣದಲ್ಲಿ ಸಾಕಷ್ಟು ಬೆಳಕಿರುವಂತೆ ನೋಡಿಕೊಳ್ಳುವುದು.
• ಚಿತ್ರೀಕರಣವನ್ನು ನಿಲ್ಲಿಸಿದ ನಂತರ ಕಡತವು ಉಳಿಯುವವರೆಗೆ ಸಾಧನವನ್ನು ಆರಿಸದಿರುವುದು.
• ಅಂದೇ ಎಲ್ಲ ತುಂಡುಗಳನ್ನು ಎರಡು ಬೇರೆ ಸಾಧನಗಳಿಗೆ ನಕಲಿಸಿ, ಕಡತಗಳ ಸಂಖ್ಯೆ, ಪ್ರತಿಯೊಂದರ ಹೆಸರು, ಗಾತ್ರ, ಅವಧಿ ಮತ್ತು ಹ್ಯಾಷ್ ಮೌಲ್ಯವನ್ನು ನಡಾವಳಿಯೊಂದಿಗೆ ಇರಿಸುವುದು.

ಈ ಕೆಲಸಗಳಲ್ಲಿ ಹೆಚ್ಚಿನವು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಮತ್ತು ಸಿಬ್ಬಂದಿಯ ಕೈಯಲ್ಲಿವೆ. ಆದರೆ ಸಭೆಯ ಕೊನೆಯಲ್ಲಿ ಎಷ್ಟು ಕಡತಗಳಾದವು, ಒಟ್ಟು ಅವಧಿ ಎಷ್ಟು, ಎಲ್ಲಿ ಬರೆದಿರಿಸಲಾಗಿದೆ ಎಂಬ ಮೂರು ಪ್ರಶ್ನೆಗಳನ್ನು ಕೇಳಲು ತಾಂತ್ರಿಕ ಜ್ಞಾನ ಬೇಕಿಲ್ಲ. ಸದಸ್ಯರು ಅಂದೇ ಇದನ್ನು ಕೇಳಿ ಬರೆಸಿಕೊಂಡರೆ, ಮೂರು ತಿಂಗಳ ನಂತರ ತಮ್ಮ ಮಾತನ್ನು ಹುಡುಕಿಕೊಂಡು ಬರುವ ಗ್ರಾಮಸ್ಥರಿಗೆ ಅದು ಯಾವ ಕಡತದ ಎಷ್ಟನೇ ನಿಮಿಷದಲ್ಲಿದೆ ಎಂದು ತೋರಿಸಲು ಸಾಧ್ಯವಾಗುತ್ತದೆ.